ಸ್ಕ್ರೂ ಪಾಯಿಂಟೋ, ಅಂಟಿನ ಪಾಯಿಂಟೋ? ಎರಡನ್ನೂ ಹಾಕಿ ನೋಡಿದೆ

ಬಾಣದ ತುದಿ ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳೋದು ಬ್ಲೇಡ್ ಇರುವ ಬ್ರಾಡ್‌ಹೆಡ್. ಅದು ಬೇಟೆಯ ಸಾಮಾನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ನಮ್ಮ ದೇಶದಲ್ಲಿ ಅದಕ್ಕೆ ಕೆಲಸ ಇಲ್ಲ. ಅಭ್ಯಾಸದ ಗುರಿಗೆ ಹೊಡೆದರೂ ಗುರಿಯ ಫೋಮ್ ಚಿಂದಿಯಾಗುತ್ತದೆ. ಧಾರವಾಡದಲ್ಲಿ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲು ಹಿಡಿದವರಿಗೆ ನಿಜವಾದ ಪ್ರಶ್ನೆ ಬೇರೆ: ಕಾರ್ಬನ್ ಬಾಣಕ್ಕೆ ತಿರುಗಿಸಿ ಕೂರಿಸುವ ಸ್ಕ್ರೂ ಪಾಯಿಂಟ್ (ತುದಿ) ಹಾಕೋದೋ, ಅಂಟಿಸುವ ಪಾಯಿಂಟ್ ಹಾಕೋದೋ? ಒಂದೇ ಬಿಲ್ಲು, ಒಂದೇ ಥರದ ಶಾಫ್ಟ್ (ಬಾಣದ ಕೋಲು) ಇಟ್ಟುಕೊಂಡು ಎರಡನ್ನೂ ನೋಡಿದೆ.

ಟ್ಯೂನಿಂಗ್‌ಗೆ, ಅಂದರೆ ಬಾಣವನ್ನು ಬಿಲ್ಲಿಗೆ ಹೊಂದಿಸೋದಕ್ಕೆ, ಸ್ಕ್ರೂನೇ ಮೇಲು, ಅನುಮಾನವೇ ಇಲ್ಲ. ಶಾಫ್ಟ್ ಒಳಗೆ ಕೂತಿರುವ ಇನ್ಸರ್ಟ್‌ನಿಂದ (ಪಾಯಿಂಟ್ ಹಿಡಿಯುವ ತಿರುಪಿನ ತುಣುಕು) 100 ಗ್ರೇನ್ ತೂಕದ ಪಾಯಿಂಟ್ ತೆಗೆದು 125ರದ್ದು ತಿರುಗಿಸಿದರೆ ಆಯಿತು. ತೂಕ ಸರಿ ಇದೆಯೇ ಅಂತ ನೋಡಲು ರೆಕ್ಕೆ ಇರುವ ಬಾಣಗಳ ಜೊತೆ ರೆಕ್ಕೆ ಇಲ್ಲದ ಒಂದೆರಡನ್ನೂ ಬಿಡಬೇಕು. ಬಲಗೈಯವರಿಗೆ ರೆಕ್ಕೆ ಇಲ್ಲದ್ದು ರೆಕ್ಕೆ ಇರುವವುಗಳ ಗುಂಪಿನ ಎಡಕ್ಕೆ ಬಿದ್ದರೆ ಶಾಫ್ಟ್ ಬಿರುಸು (ಬಿಲ್ಲಿಗೆ ತಕ್ಕಷ್ಟು ಬಾಗುತ್ತಿಲ್ಲ), ಬಲಕ್ಕೆ ಬಿದ್ದರೆ ಮೆತ್ತಗೆ (ಜಾಸ್ತಿ ಬಾಗುತ್ತಿದೆ). ಮುಂದಿನ ತೂಕ ಜಾಸ್ತಿ ಮಾಡಿದರೆ ಬಾಣ ಮೆತ್ತಗಾಗುತ್ತದೆ. ರೆಕ್ಕೆ ಇಲ್ಲದ ನನ್ನ ಬಾಣ 100ಕ್ಕೆ ಎಡಕ್ಕೆ ಹೋಗುತ್ತಿತ್ತು, 125ಕ್ಕೆ ಗುಂಪಿನ ಹತ್ತಿರ ಬಂತು. ಬಿಲ್ಲಿನ ಪೌಂಡ್ (ಎಳೆತದ ಬಲ) ಏರಿಸುತ್ತಾ ಹೋಗುವ ಮಕ್ಕಳಿಗಂತೂ ಇದು ಬಹಳ ಅನುಕೂಲ.

ಆದರೆ ಸ್ಕ್ರೂ ಸಡಿಲಾಗುತ್ತದೆ. ಪ್ರತಿ ಸುತ್ತಿಗೂ ಬೆರಳಲ್ಲಿ ಬಿಗಿ ಮಾಡಬೇಕು. ನಮ್ಮ ಎರೆ ಮಣ್ಣಿನದು ಇನ್ನೊಂದು ಕಾಟ. ಮಳೆಗಾಲದಲ್ಲಿ ಗುರಿ ತಪ್ಪಿದ ಬಾಣವನ್ನು ಅದು ಹಿಡಿದುಕೊಂಡು ಬಿಡುತ್ತದೆ. ಎಡಕ್ಕೆ ತಿರುಗಿಸಿ ಕಿತ್ತರೆ ಬಾಣ ಕೈಗೆ, ಪಾಯಿಂಟ್ ಮಣ್ಣಿಗೆ! ಬಲಕ್ಕೆ ತಿರುಗಿಸುತ್ತಾ ಎಳೆಯಬೇಕು.

ಅಂಟಿನದು ಸರಿಯಾಗಿ ಕೂತ ಮೇಲೆ ಬಿಗಿ ಮಾಡುವ ಕೆಲಸ ಮರೆತುಬಿಡಬಹುದು. ನಾನು ಹಾಕಿದ್ದು ಬ್ರೇಕ್-ಆಫ್ ಥರದ್ದು. ಶಾಫ್ಟ್ ಒಳಗೆ ಹೋಗುವ ಹಿಂದಿನ ಕಡ್ಡಿಯಲ್ಲಿ ಗೀರುಗಳಿರುತ್ತವೆ, ಇಕ್ಕಳದಲ್ಲಿ ಒಂದು ತುಂಡು ಮುರಿದರೆ 10 ಗ್ರೇನ್ ಕಡಿಮೆ. ಮುರಿದದ್ದು ಮತ್ತೆ ಸೇರೋದಿಲ್ಲ, ಅದಕ್ಕೇ ತೂಕ ಗೊತ್ತಾದ ಮೇಲೆ ಮಾತ್ರ ಕೈ ಹಾಕಬೇಕು. ಹಾಕುವಾಗ ಪಾಯಿಂಟನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ. ಶಾಫ್ಟ್‌ಗೆ ಬೆಂಕಿ ತಾಗಿಸಬೇಡಿ, ಕಾರ್ಬನ್ ಹಿಡಿದಿಟ್ಟಿರುವ ರಾಳ ಹಾಳಾಗುತ್ತದೆ. ಬಿಸಿ ಕಡ್ಡಿಗೆ ಹಾಟ್ ಮೆಲ್ಟ್ (ಬಿಸಿಗೆ ಕರಗುವ) ಅಂಟು ಸುತ್ತಲೂ ಸವರಿ, ತಿರುಗಿಸುತ್ತಾ ಒಳಗೆ ಒತ್ತಿ. ಅಂಚಿನಲ್ಲಿ ಉಂಗುರದ ಹಾಗೆ ಅಂಟು ಉಬ್ಬಿ ಬಂದರೆ ಒಳಗೆಲ್ಲ ತುಂಬಿದೆ ಅಂತ. ಮುಂದೆ ತೆಗೆಯೋದಿದ್ದರೆ ಬಿಸಿನೀರು ಸಾಕು. ಆದರೆ ಗಟ್ಟಿ ಫೋಮ್‌ನ ತಿಕ್ಕಾಟಕ್ಕೆ ಪಾಯಿಂಟ್ ಬಿಸಿಯಾಗುತ್ತದೆ, ಅಂಟು ತೆಳ್ಳಗಿದ್ದರೆ ತುದಿ ಗುರಿಯಲ್ಲೇ ಉಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಇದು ಜಾಸ್ತಿ.

ನನ್ನ ಆಯ್ಕೆ ಅಂಟಿನದು. ತೂಕ ಹುಡುಕೋದಕ್ಕೆ ಮಾತ್ರ ಮೂರ್ನಾಲ್ಕು ಸ್ಕ್ರೂ ಬಾಣ ಬೇರೆ ಇಟ್ಟಿದ್ದೇನೆ. ಹೀಗೆ ಬದಲಿಸುವಾಗ ಇನ್ಸರ್ಟ್ ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಂಗಾರದಂಗಡಿಯ ತಕ್ಕಡಿಯಲ್ಲಿ ಇನ್ಸರ್ಟ್ ಮತ್ತು ಪಾಯಿಂಟ್ ಒಟ್ಟಿಗೆ ತೂಗಿಸಿ, ಬಂದ ಗ್ರಾಂ ಅನ್ನು 0.0648ರಿಂದ ಭಾಗಿಸಿದರೆ ಗ್ರೇನ್ ಸಿಗುತ್ತದೆ. ಅಷ್ಟೇ ತೂಕದ ಅಂಟಿನ ಪಾಯಿಂಟ್ ತರಿಸಿ. ಅದರ ದಪ್ಪ ಶಾಫ್ಟ್‌ಗೆ ಸರಿಸಮ ಇರಲಿ, ಜಾಸ್ತಿ ಇದ್ದರೆ ಎಳೆಯುವಾಗ ಫೋಮ್‌ಗೆ ಸಿಕ್ಕಿಕೊಳ್ಳುತ್ತದೆ.