ಹಿನ್ನೀರಲ್ಲಿ ಮೀನು ನೋಡಲು ಈಜು ಕನ್ನಡಕವೋ, ಮಾಸ್ಕೋ?

ಗೆಳೆಯರ ಜೊತೆ ಹೇಮಾವತಿ ಹಿನ್ನೀರಿಗೋ ಸಖರಾಯಪಟ್ಟಣದ ಅಯ್ಯನಕೆರೆಯಂಥ ದೊಡ್ಡ ಕೆರೆಗೋ ಇಳಿಯುವವರಿಗೆ ಈಜು ಕನ್ನಡಕ, ಕಣ್ಣು ಮೂಗು ಸೇರಿಸಿ ಮುಚ್ಚುವ ಗಾಜಿನ ಮಾಸ್ಕ್ ಎರಡೂ ಬೇಕು ಅನ್ನಿಸುತ್ತದೆ. ಎರಡನ್ನೂ ಇಂಥ ನೀರಲ್ಲೇ ಹಾಕಿ ನೋಡಿ ಹೇಳುವುದಾದರೆ, ದೂರ ಈಜಲು ಕನ್ನಡಕ, ಮೀನು ನೋಡಲು ಮಾಸ್ಕ್. ಎಲ್ಲಿ ಇಳಿಯಬಹುದು ಎಂದು ಊರಿನವರನ್ನೂ ನೀರಾವರಿ ಇಲಾಖೆಯವರನ್ನೂ ಮೊದಲು ಕೇಳಿ. ತೂಬು, ಕೋಡಿಯ ಹತ್ತಿರ ಮಾತ್ರ ಯಾರು ಬಿಟ್ಟರೂ ಹೋಗಬೇಡಿ, ನೀರಿನ ಸೆಳೆತ ಮೇಲಿಂದ ಕಾಣುವುದಿಲ್ಲ.

ಕನ್ನಡಕ ಹಗುರ. ಕೈ ಬೀಸಿ ಈಜುವಾಗ ನೀರು ಎಳೆಯುವುದಿಲ್ಲ, ಎಂಟು ಹತ್ತು ಬೀಸಿಗೊಮ್ಮೆ ತಲೆಯೆತ್ತಿ ದಡದ ಮರ ಗುರುತಿಟ್ಟುಕೊಳ್ಳಬಹುದು. ಆದರೆ ಮೂಗು ಹೊರಗಿರುತ್ತದೆ. ಎರಡು ಮೀಟರ್ ಮುಳುಗುವಷ್ಟರಲ್ಲಿ ಒಳಗಿನ ಗಾಳಿ ಕುಗ್ಗಿ ಬಟ್ಟಲು ಕಣ್ಣನ್ನು ಹೀರತೊಡಗುತ್ತದೆ, ಆ ಒತ್ತಡ ಸರಿಮಾಡಲು ದಾರಿಯೇ ಇಲ್ಲ. ಹಟ ಮಾಡಿದರೆ ಕಣ್ಣಲ್ಲಿ ರಕ್ತ ಕಟ್ಟುತ್ತದೆ.

ಮಾಸ್ಕಿನಲ್ಲಿ ಮೂಗು ಒಳಗೇ ಇರುವುದರಿಂದ ಮೂಗಿನಿಂದ ಸ್ವಲ್ಪ ಉಸಿರು ಬಿಟ್ಟರೆ ಸಾಕು, ಒತ್ತಡ ಸರಿಹೋಗುತ್ತದೆ. ಕೊಳ್ಳುವಾಗ ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ನಿಂತರೆ ಅದು ನಿಮ್ಮ ಅಳತೆ. ದಪ್ಪ ಮೀಸೆಯವರಿಗೆ ಮೇಲ್ದುಟಿಯ ಬಳಿ ನೀರು ಜಿನುಗುತ್ತದೆ. ಪಟ್ಟಿ ಬಿಗಿ ಮಾಡಿದರೆ ರಬ್ಬರಿನ ಅಂಚು ಮಡಿಚಿ ಇನ್ನೂ ಹೆಚ್ಚು ಸೋರುತ್ತದೆ, ಸಡಿಲಿಸಿ ನೋಡಿ. ನೀರು ತುಂಬಿದರೆ ಮೇಲಂಚನ್ನು ಹಣೆಗೆ ಒತ್ತಿ, ಮುಖ ತುಸು ಮೇಲೆತ್ತಿ, ಮೂಗಿನಿಂದ ಜೋರಾಗಿ ಉಸಿರು ಬಿಡಿ, ಕೆಳಗಿಂದ ನೀರು ಹೋಗುತ್ತದೆ. ಹೊಸ ಮಾಸ್ಕಿನ ಗಾಜಿಗೆ ಕಾರ್ಖಾನೆಯ ಜಿಡ್ಡು ಅಂಟಿರುತ್ತದೆ, ಬಿಳಿ ಟೂತ್‌ಪೇಸ್ಟಿನಲ್ಲಿ ಎರಡು ಮೂರು ಸಲ ಉಜ್ಜದಿದ್ದರೆ ಮಂಜು ಕಟ್ಟುತ್ತಲೇ ಇರುತ್ತದೆ. ಕನ್ನಡಕಕ್ಕೆ ಇದನ್ನು ಮಾಡಬೇಡಿ, ಅದರ ಮಂಜು ತಡೆಯುವ ಲೇಪ ಬೆರಳಾಡಿಸಿದರೂ ಹೋಗುತ್ತದೆ. ಮುಖವಿಡೀ ಮುಚ್ಚುವ ಮಾಸ್ಕ್ ಇಲ್ಲಿಗೆ ಬೇಡವೇ ಬೇಡ, ಗಾಬರಿಯಾದಾಗ ಬೇಗ ಕಳಚಲು ಬರುವುದಿಲ್ಲ.

ನೋಡಲು ಸಿಗುವುದು ಬಹುಪಾಲು ದಡದ ಹತ್ತಿರವೇ. ಎದೆಮಟ್ಟದ ನೀರಿನ ತಳದಲ್ಲಿ ಊಟದ ತಟ್ಟೆಯಷ್ಟಗಲದ ಗುಂಡಿಗಳು ಕಂಡರೆ ಅವು ಜಿಲೇಬಿ ಮೀನಿನ ಗೂಡುಗಳು. ಗಂಡು ನಡುವೆ ನಿಂತು ಪಕ್ಕಕ್ಕೆ ಬಂದವರನ್ನೆಲ್ಲ ಅಟ್ಟುತ್ತಿರುತ್ತದೆ, ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿ ತುಂಬಿಕೊಂಡು ದೂರ ಸರಿಯುತ್ತದೆ. ಮಾಸ್ಕ್ ಹಾಕಿ ಸ್ನಾರ್ಕೆಲ್ (ಬಾಯಿಂದ ಉಸಿರಾಡುವ ಕೊಳವೆ) ಕಚ್ಚಿ ಅಲುಗದೆ ತೇಲಿದರೆ ಐದು ನಿಮಿಷದಲ್ಲಿ ಗಂಡು ಮತ್ತೆ ಗೂಡಿಗೆ ಬರುತ್ತದೆ. ಕನ್ನಡಕದವರು ಉಸಿರಿಗೆ ತಲೆಯೆತ್ತಿದಾಗಲೆಲ್ಲ ಅದು ಓಡಿಹೋಗುತ್ತದೆ. ನಮ್ಮ ಮಟ್ಟಿಗೆ ಈ ಒಂದು ನೋಟಕ್ಕೇ ಮಾಸ್ಕ್ ಗೆದ್ದಿತು. ಜೊಂಡಿನ ಬಳಿ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಏಳುತ್ತಿದ್ದರೆ ಕೆಳಗೆ ತಾಯಿ ತಂದೆ ಕೊರವ ಮೀನು ಕಾವಲಿರುತ್ತವೆ. ದೂರದಿಂದಲೇ ನೋಡಿ, ಮೈಮೇಲೆ ಬರುವುದುಂಟು.

ನೀರೊಳಗೆ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರ ಇದ್ದಂತೆ ಕಾಣುತ್ತದೆ. ಮೀನಿನ ಅಳತೆ ಹೇಳುವಾಗ ಕಂಡದ್ದರಲ್ಲಿ ಕಾಲುಭಾಗ ಕಳೆಯಿರಿ.

ಮಳೆಗಾಲದ ಕೆಂಪು ನೀರಲ್ಲಿ ಎರಡೂ ದಂಡ. ಚಾಚಿದ ಕೈಯ ಬೆರಳು ಕಾಣದಿದ್ದರೆ ಆ ದಿನ ಇಳಿಯದಿರುವುದೇ ಸರಿ, ಏಕೆಂದರೆ ಮುಳುಗಿದ ಮರದ ಬೊಡ್ಡೆಯೂ ನೈಲಾನ್ ಬಲೆಯೂ ಕಾಣುವುದಿಲ್ಲ. ಸಾಲಾಗಿ ತೇಲುವ ಥರ್ಮಾಕೋಲ್ ಚೂರು, ಖಾಲಿ ಬಾಟಲಿ ಅಂದರೆ ಕೆಳಗೆ ಬಲೆ ಇದೆ ಎಂದೇ ಲೆಕ್ಕ. ಸುತ್ತಿಕೊಂಡು ಹೋಗಿ, ಮೇಲಿಂದ ದಾಟಬೇಡಿ.

ಜೋಡಿಯಲ್ಲಿ ಒಬ್ಬರಿಗೆ ಮಾಸ್ಕ್, ಇನ್ನೊಬ್ಬರಿಗೆ ಕನ್ನಡಕ ಇರಲಿ. ಮಾಸ್ಕಿನವರು ತಲೆ ತಗ್ಗಿಸಿದ ಮೇಲೆ ದೋಣಿ, ತೆಪ್ಪ ಬಂದದ್ದು ಗೊತ್ತಾಗುವುದಿಲ್ಲ. ಕನ್ನಡಕದವರು ಸೊಂಟಕ್ಕೆ ಕಿತ್ತಳೆ ಬಣ್ಣದ ತೇಲುಚೀಲ ಕಟ್ಟಿಕೊಂಡು ಸುತ್ತ ನೋಡುತ್ತಿರಲಿ. ಹದಿನೈದು ನಿಮಿಷಕ್ಕೊಮ್ಮೆ ಕೆಲಸ ಬದಲಿಸಿ, ಆದರೆ ಮಾಸ್ಕನ್ನು ಒಬ್ಬರಿಂದೊಬ್ಬರಿಗೆ ಬದಲಿಸಬೇಡಿ, ಇಬ್ಬರದೂ ಬೇರೆ ಬೇರೆ ಇರಲಿ, ಒಬ್ಬರ ಮುಖಕ್ಕೆ ಕೂತದ್ದು ಇನ್ನೊಬ್ಬರಿಗೆ ಸೋರುತ್ತದೆ.