ಒಂದು ಸಲ ಟೆಂಪೋ, ಇನ್ನೊಂದು ಸಲ ದುಡ್ಡು: ನೆರೆಗೆ ನಾನು ಕಳಿಸಿ ನೋಡಿದ್ದು

ನೆರೆ ಬಂದ ಕಡೆಗೆ ಸಾಮಾನು ಕಳಿಸೋದಾ, ದುಡ್ಡು ಕಳಿಸೋದಾ ಅಂತ ನಮ್ಮ ಬೀದಿಯಲ್ಲಿ ಪ್ರತಿ ಮಳೆಗಾಲಕ್ಕೂ ವಾದ ಶುರುವಾಗುತ್ತದೆ. ನಾನು ಎರಡನ್ನೂ ಮಾಡಿ ನೋಡಿದ್ದೇನೆ.

ಮೊದಲು ಸಾಮಾನು. ಆಗಸ್ಟ್ 2018, ಕೊಡಗಿನಲ್ಲಿ ಗುಡ್ಡ ಕುಸಿದ ವಾರ. ಮೈಸೂರಿನ ನಮ್ಮ ಬೀದಿಯವರು ಎರಡೇ ದಿನದಲ್ಲಿ 60 ಚೀಲ ಸೇರಿಸಿದೆವು. ಟೆಂಪೋಗೆ 7,000 ರೂಪಾಯಿ ಬಾಡಿಗೆ ಕೊಟ್ಟು, ಹುಣಸೂರು, ಪಿರಿಯಾಪಟ್ಟಣ ದಾಟಿ, ಕುಶಾಲನಗರದ ಹತ್ತಿರ ಒಂದು ಕಲ್ಯಾಣ ಮಂಟಪದ ಮುಂದೆ ಹೋಗಿ ನಿಂತರೆ ಒಳಗೆ ಕಾಲಿಡೋಕೂ ಜಾಗ ಇಲ್ಲ. ನಮಗಿಂತ ಮುಂಚೆ ಬಂದ ಲಾರಿಗಳ ಬಟ್ಟೆ ಕಿಟಕಿಯವರೆಗೂ ರಾಶಿ ಬಿದ್ದಿತ್ತು, ಮಳೆಗೆ ನೆನೆದು ಮುಗ್ಗಲು ವಾಸನೆ ಬೇರೆ. ಹನ್ನೆರಡು ಹುಡುಗರು ಬೆಳಗಿನಿಂದ ಅದನ್ನೇ ವಿಂಗಡಿಸುತ್ತಾ ಕೂತಿದ್ದರು. ನಮ್ಮ ಚೀಲದಿಂದ ಮೊದಲು ಹೊರಬಂದದ್ದು ಏನು ಗೊತ್ತಾ? ಒಂಟಿ ಚಪ್ಪಲಿ, ಲಾಡಿ ಇಲ್ಲದ ಲಂಗ, ಹೋದ ವರ್ಷವೇ ಅವಧಿ ಮುಗಿದ ಮಾತ್ರೆ. ನಾಚಿಕೆ ಆಯಿತು.

ಅಲ್ಲಿದ್ದ ಒಬ್ಬ ಅಮ್ಮ ಮೆಲ್ಲಗೆ ಕೇಳಿದರು: "ಹೊಸ ಒಳಉಡುಪು ಇದೆಯಾ? ಪ್ಯಾಡ್?" 60 ಚೀಲದಲ್ಲಿ ಒಂದೂ ಇರಲಿಲ್ಲ.

ಇನ್ನು ದುಡ್ಡು. 2019ರ ಆಗಸ್ಟ್, ಮಲಪ್ರಭಾ ಉಕ್ಕಿ ರಾಮದುರ್ಗದ ಕಡೆ ಊರುಗಳಿಗೆ ನೀರು ನುಗ್ಗಿತ್ತು. ಈ ಸಲ ಬೀದಿಯವರು 18,000 ರೂಪಾಯಿ ಸೇರಿಸಿ, ಅಲ್ಲಿನ ಪರಿಚಯದ ಮೇಷ್ಟ್ರೊಬ್ಬರಿಗೆ ಫೋನಿನಲ್ಲೇ ಹಾಕಿದೆವು. ಬಾಡಿಗೆ ಸೊನ್ನೆ. ಸಂಜೆಯೊಳಗೆ ಅವರು ಪಕ್ಕದ ಊರಿನ ಅಂಗಡಿಯಲ್ಲಿ ಜೋಳದ ಹಿಟ್ಟು, ರೊಟ್ಟಿ ಹಂಚು, ಪರಾತ, ಚಾದರ ಕೊಂಡು ಬಿಲ್ಲಿನ ಫೋಟೋ ಕಳಿಸಿದರು. ನನ್ನ ಕೈಗೇ ಬಿಟ್ಟಿದ್ದರೆ ಅಕ್ಕಿ ಮೂಟೆ ಕಳಿಸುತ್ತಿದ್ದೆ. ರೊಟ್ಟಿ ತಿನ್ನೋರಿಗೆ ಹಂಚು ಇಲ್ಲದಿದ್ದರೆ ಒಲೆ ಹಚ್ಚಿ ಏನು ಮಾಡೋದು ಅಂತ ಮೈಸೂರಿನಲ್ಲಿ ಕೂತ ನನಗೆ ಹೊಳೆಯುತ್ತಿರಲಿಲ್ಲ. ಆ ಅಂಗಡಿಯವನಿಗೂ ನೀರು ನುಗ್ಗಿ ನಷ್ಟ ಆಗಿತ್ತಂತೆ, ಅವನಿಗೂ ನಾಲ್ಕು ಕಾಸಿನ ವ್ಯಾಪಾರ ಆಯಿತು.

ಪರಿಚಯದವರು ಯಾರೂ ಇಲ್ಲದಿದ್ದರೆ ಮುಖ್ಯಮಂತ್ರಿ ಪರಿಹಾರ ನಿಧಿ ಇದೆ. ನಾನು ಒಮ್ಮೆ ಹಾಕಿದ್ದೇನೆ, ರಸೀದಿ ಸಿಗುತ್ತದೆ. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಇರೋರಿಗೆ ಕೊಟ್ಟ ಪೂರ್ತಿ ಮೊತ್ತಕ್ಕೆ ವಿನಾಯಿತಿಯೂ ಇದೆ, ನಗದಾಗಿ 2,000 ರೂಪಾಯಿ ಮೀರಿ ಕೊಟ್ಟರೆ ಮಾತ್ರ ಇಲ್ಲ. ಸಾಮಾನಿಗೆ ಆ ವಿನಾಯಿತಿಯೇ ಇಲ್ಲ. ಆದರೆ ನಿಮ್ಮ ದುಡ್ಡು ಯಾರ ಮನೆ ತಲುಪಿತು ಅಂತ ತಿಳಿಯೋದಿಲ್ಲ, ನನಗೆ ಅದೊಂದು ಕೊರಗು.

ಸಾಮಾನು ಬೇಡವೇ ಬೇಡ ಅಂತಲ್ಲ. ಕೊಡಗಿನಿಂದ ವಾಪಸ್ ಬಂದ ಮೇಲೆ ಆ ಹುಡುಗರೇ ಫೋನ್ ಮಾಡಿ ಗಮ್‌ಬೂಟು, ಟಾರ್ಚು, ಹಗ್ಗ ಕೇಳಿದ್ದರು. ಸೈಜ್ ಸಮೇತ ಪಟ್ಟಿ ಕೊಟ್ಟಿದ್ದರಿಂದ ಅದೊಂದೂ ವ್ಯರ್ಥ ಆಗಲಿಲ್ಲ. ಕೇಳಿದ್ದನ್ನು ಕಳಿಸೋದಕ್ಕೂ, ಬೀರು ಖಾಲಿ ಮಾಡೋದಕ್ಕೂ ಅಷ್ಟು ವ್ಯತ್ಯಾಸ ಇದೆ, ಅಲ್ವಾ?

ಹಳೇ ಬಟ್ಟೆ ಏನು ಮಾಡೋದು ಅಂತ ಪಕ್ಕದ ಮನೆ ಆಂಟಿ ಈಗಲೂ ಕೇಳುತ್ತಾರೆ. ಗೂಂಜ್ ಸಂಸ್ಥೆಯವರು ಹಳೇ ಬಟ್ಟೆಯನ್ನು ವಿಂಗಡಿಸಿ, ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡ್ ಕೂಡ ಮಾಡುತ್ತಾರೆ. ಒಗೆದು, ಮಡಚಿ ಅವರಿಗೆ ಕೊಡಿ ಆಂಟಿ, ಅದಕ್ಕೆ ನೆರೆ ಬರಲಿ ಅಂತ ಯಾಕೆ ಕಾಯೋದು ಅಂದೆ.