ಹೈಕಮಾಂಡ್ ಉಸ್ತುವಾರಿ ಸರ್ವಿಸ್ ರಿವ್ಯೂ: 5ಕ್ಕೆ ಎರಡೂವರೆ ಸ್ಟಾರ್

ಮಿಕ್ಸಿ, ಮೊಬೈಲು, ಮಸಾಲೆದೋಸೆ ಎಲ್ಲಕ್ಕೂ ರಿವ್ಯೂ ಬರೀತೀವಿ, ಆದ್ರೆ ನಮ್ಮ ರಾಜ್ಯದಲ್ಲಿ ದಶಕಗಳಿಂದ ನಡೀತಿರೋ ಒಂದು ಸರ್ವಿಸ್‌ಗೆ ಯಾರೂ ಸ್ಟಾರ್ ಕೊಟ್ಟಿದ್ದು ನಾನಂತೂ ನೋಡಿಲ್ಲ. ಅದೇ ಕಣ್ರಪ್ಪ, ದೆಹಲಿ ನಾಯಕರಿಗೆ ಕರ್ನಾಟಕದಲ್ಲಿ ಏನ್ ನಡೀತಿದೆ ಅಂತ ಹೇಳೋಕೆ ಅಂತಾನೇ ಇಟ್ಟಿರೋ ಉಸ್ತುವಾರಿಗಳು, ವೀಕ್ಷಕರು, ಸಲಹೆಗಾರರು. ಯಾವ ಪಾರ್ಟಿಗೂ ಸೇರದ, ಆದ್ರೆ ಎಲ್ಲಾ ಪಾರ್ಟಿಯ ಜಗಳಾನೂ ಬಿಡದೆ ನೋಡೋ ಒಬ್ಬ ಸಾಮಾನ್ಯ ಮತದಾರನಾಗಿ ಬರೀತಿದೀನಿ, ನಿಮ್ಮ ನಾಯಕರಿಗೆ ಏನಾದ್ರೂ ಅಂದೆ ಅನ್ಸಿದ್ರೆ ಮುಂದಿನ ಪ್ಯಾರಾ ಓದಿ, ಅಲ್ಲಿ ಎದುರು ಪಾರ್ಟಿಯವರಿಗೂ ಇರುತ್ತೆ.

ಮೊದಲು ಪ್ಯಾಕೇಜಲ್ಲಿ ಏನೇನು ಸಿಗುತ್ತೆ ಅಂತ. ಕಾಂಗ್ರೆಸ್ಸಲ್ಲಿ ಎಐಸಿಸಿ ಪ್ರಧಾನ ಕಾರ್ಯದರ್ಶಿ ಒಬ್ಬರು ರಾಜ್ಯ ಉಸ್ತುವಾರಿ. ದಿಗ್ವಿಜಯ್ ಸಿಂಗ್ ಇದ್ರು, 2017ರಲ್ಲಿ ಕೆ.ಸಿ. ವೇಣುಗೋಪಾಲ್ ಬಂದ್ರು, 2020ರಲ್ಲಿ ರಣದೀಪ್ ಸುರ್ಜೇವಾಲಾ. ಬಿಜೆಪಿಲಿ ಮುರಳೀಧರ ರಾವ್, ಆಮೇಲೆ ಅರುಣ್ ಸಿಂಗ್, ಆಮೇಲೆ ರಾಧಾ ಮೋಹನ್ ದಾಸ್ ಅಗರ್‌ವಾಲ್, ಚುನಾವಣೆ ಬಂದಾಗ ಅದಕ್ಕೇ ಬೇರೆ ಉಸ್ತುವಾರಿ. ಮುಖ್ಯಮಂತ್ರಿ ಆಯ್ಕೆ ದಿನ ಬಂತು ಅಂದ್ರೆ ಇವರ್ಯಾರೂ ಸಾಲಲ್ಲ, ವಿಮಾನದಲ್ಲಿ ವೀಕ್ಷಕರು ಸ್ಪೆಷಲ್ ಆಗಿ ಇಳೀತಾರೆ. ಮಧ್ಯಪ್ರದೇಶ, ಕೇರಳ, ಹರಿಯಾಣ, ತೆಲಂಗಾಣ, ಉತ್ತರಪ್ರದೇಶ, ಒಂದು ಭಾರತ ದರ್ಶನವೇ ಆಗೋಯ್ತು ನೋಡಿ, ಕನ್ನಡದವರು ಮಾತ್ರ ಇಲ್ಲ.

ಇದನ್ನ ನೋಡಿ ತಕ್ಷಣ ಒಂದು ಸ್ಟಾರ್ ಕಟ್ ಮಾಡೋಣ ಅನ್ಸುತ್ತೆ, ಆದ್ರೆ ತಡೀರಿ, ಹೊರಗಿನವರನ್ನ ಕಳ್ಸೋದಕ್ಕೆ ಕಾರಣ ಇದೆ. ಇಲ್ಲಿನವರನ್ನೇ ಇಟ್ರೆ ಅವರು ಯಾವ ಜಾತಿ, ಯಾವ ಬಣ, ಯಾರ ಶಿಷ್ಯ ಅನ್ನೋದು ಎಲ್ರಿಗೂ ಗೊತ್ತಿರುತ್ತೆ, ಅವರು ಮೇಲೆ ಏನೇ ವರದಿ ಕೊಟ್ರೂ ಎದುರು ಬಣ ಒಪ್ಪಲ್ಲ. ಹೊರಗಿನವರಿಗೆ ಇಲ್ಲಿ ಕ್ಷೇತ್ರ ಇಲ್ಲ, ಟಿಕೆಟ್ ಬೇಡ, ಸಿಎಂ ಆಗೋ ಆಸೆ ಇಲ್ಲ. ಎರಡು ಬಣಗಳೂ ಅವರ ಮುಂದೆ ಕೂತು ಮನಸ್ಸಲ್ಲಿರೋದನ್ನ ಕಕ್ಕಬಹುದು. 2023ರ ಮೇ ತಿಂಗಳಲ್ಲಿ 135 ಸೀಟು ಗೆದ್ದ ಮೇಲೆ ಸಿದ್ದರಾಮಯ್ಯನಾ ಡಿಕೆಶಿನಾ ಅನ್ನೋ ಪ್ರಶ್ನೆ ಬಂತಲ್ಲ, ಆಗ ಸುಶೀಲ್‌ಕುಮಾರ್ ಶಿಂಧೆ, ಜಿತೇಂದ್ರ ಸಿಂಗ್, ದೀಪಕ್ ಬಾಬರಿಯಾ ಮೂರು ಜನ ಬಂದು ಬೆಂಗಳೂರಿನ ಹೋಟೆಲಲ್ಲಿ ಶಾಸಕರ ಅಭಿಪ್ರಾಯ ತಗೊಂಡು ದೆಹಲಿಗೆ ಹೋದ್ರು. ಒಂದು ಸಾಲಿನ ನಿರ್ಣಯ, ತೀರ್ಮಾನ ಅಧ್ಯಕ್ಷರಿಗೆ ಬಿಟ್ಟಿದ್ದು, ಮೇ 20ಕ್ಕೆ ಪ್ರಮಾಣವಚನ. ಒಳಗೆ ಏನೇ ಒಪ್ಪಂದ ಆಗಿರ್ಲಿ, ಪಾರ್ಟಿ ಒಡೀಲಿಲ್ಲ ತಾನೆ. ಬಿಜೆಪಿದು ಇನ್ನೂ ಫಾಸ್ಟ್ ಡೆಲಿವರಿ, 2021ರ ಜುಲೈ 26ಕ್ಕೆ ಯಡಿಯೂರಪ್ಪ ರಾಜೀನಾಮೆ, 27ಕ್ಕೆ ಧರ್ಮೇಂದ್ರ ಪ್ರಧಾನ್ ಮತ್ತು ಕಿಶನ್ ರೆಡ್ಡಿ ಹಾಜರು, 28ಕ್ಕೆ ಬೊಮ್ಮಾಯಿ ಪ್ರಮಾಣವಚನ. ಜಗಳ ಬಿಡಿಸೋ ವಿಷಯಕ್ಕೆ ಸರ್ವಿಸ್ ಪರವಾಗಿಲ್ಲ.

ಈಗ ಅಸಲು ಕೆಲಸಕ್ಕೆ ಬನ್ನಿ, ಇಲ್ಲಿನ ಸುದ್ದೀನ ಮೇಲಕ್ಕೆ ಮುಟ್ಟಿಸೋದು. ಇಲ್ಲೇ ನೋಡಿ ಕೆಡೋದು. ಉಸ್ತುವಾರಿ ಬೆಂಗಳೂರಿಗೆ ಬಂದ್ರೆ ಏರ್‌ಪೋರ್ಟಲ್ಲಿ ಹಾರ ಹಾಕೋರೇ ನೂರಾರು ಜನ, ಅಲ್ಲಿಂದ ಪಾರ್ಟಿ ಆಫೀಸು, ಪ್ರೆಸ್‌ಮೀಟಲ್ಲಿ ಹಿಂದೀಲೋ ಇಂಗ್ಲಿಷಲ್ಲೋ ನಾಲ್ಕು ಮಾತು, ಎಲ್ಲರೂ ಒಗ್ಗಟ್ಟಾಗಿದ್ದಾರೆ ಅನ್ನೋದು ಅದರಲ್ಲಿ ಖಾಯಂ. ಅವರಿಗೆ ಕನ್ನಡ ಪೇಪರ್ ಓದೋಕೆ ಬರಲ್ಲ, ಹಳ್ಳಿ ಕಟ್ಟೇಲಿ ಜನ ಏನ್ ಬೈತಿದ್ದಾರೆ ಗೊತ್ತಾಗಲ್ಲ, ಹಂಗಾಗಿ ಅವರಿಗೂ ಒಬ್ಬ ಲೋಕಲ್ ಸಲಹೆಗಾರ ಬೇಕು. ಆ ಲೋಕಲ್ ಯಾರು? ಇಂಗ್ಲಿಷ್ ಹಿಂದಿ ಚೆನ್ನಾಗಿ ಬರೋ, ಕಾರ್ ಕಳ್ಸೋ, ರೂಮ್ ಬುಕ್ ಮಾಡೋ ಯಾರೋ ಒಬ್ಬರು. ಬಣ ಇಲ್ಲದವರು ಬೇಕು ಅಂತ ಹೊರಗಿನವರನ್ನ ತಂದು ಕೊನೆಗೆ ಬಣದವರ ಕಿವೀಲೇ ಕೇಳಿಸ್ಕೊಳ್ಳೋ ಹಂಗಾಯ್ತು. ನಮ್ಮ ಕಡೆ ಒಂದ್ಸಲ ಕಾರ್ಯಕರ್ತರ ಸಭೆಗೆ ಬಂದಿದ್ದ ಒಬ್ಬ ಉಸ್ತುವಾರಿ (ಪಾರ್ಟಿ ಕೇಳ್ಬೇಡಿ) ಎರಡು ಗಂಟೆ ಅವರೇ ಮಾತಾಡಿ, ಒಬ್ಬ ವಯಸ್ಸಾದ ಕಾರ್ಯಕರ್ತರು ಎದ್ದು ನಮ್ ಭಾಗದ ನೀರಿನ ವಿಷಯ ತೆಗೆದ್ರೆ, ಪಕ್ಕದಲ್ಲಿದ್ದವರು ಅದನ್ನ ಅನುವಾದ ಮಾಡೋ ಹೊತ್ತಿಗೆ ಜಿಂದಾಬಾದ್ ಅಷ್ಟೇ ಉಳೀತು.

ಹಳೇ ರೆಕಾರ್ಡ್ ನೋಡಿದ್ರೆ ಇನ್ನೂ ಕ್ಲಿಯರ್ ಆಗುತ್ತೆ. 1978ರಲ್ಲಿ ಇಂದಿರಾ ಗಾಂಧಿ ಸೋತು ಕೂತಿದ್ದಾಗ ಚಿಕ್ಕಮಗಳೂರಿಗೆ ಕರ್ಕೊಂಡು ಬಂದಿದ್ದು ಆಗಿನ ಸಿಎಂ ದೇವರಾಜ ಅರಸು. ಡಿ.ಬಿ. ಚಂದ್ರೇಗೌಡ್ರು ಸೀಟು ಬಿಟ್ಟುಕೊಟ್ರು, ಎದುರಿಗೆ ವೀರೇಂದ್ರ ಪಾಟೀಲ್ ನಿಂತ್ರು, ಇಂದಿರಾ 77 ಸಾವಿರಕ್ಕೂ ಹೆಚ್ಚು ಮತದಿಂದ ಗೆದ್ರು. ಯಾವ ಊರಲ್ಲಿ ಯಾವ ಸಮುದಾಯ ಕೈ ಹಿಡಿಯುತ್ತೆ ಅಂತ ಅರಸು ಅವರಿಗೆ ಬೆರಳ ತುದೀಲಿ ಗೊತ್ತಿತ್ತು, ಅದನ್ನ ದೆಹಲಿ ನಂಬ್ತು, ಐದು ಸ್ಟಾರ್ ಸರ್ವಿಸ್ ಅಂದ್ರೆ ಅದು. ಹಾಗಂತ ಲೋಕಲ್ ಹೇಳಿದ್ದೆಲ್ಲ ಸರಿ ಅಂತಾನೂ ಅಲ್ಲ, ಮರುವರ್ಷವೇ ಇಬ್ಬರಿಗೂ ಮುರಿದುಬಿತ್ತು, ಅರಸು ಹೊರಗೆ ಹೋದ್ರು, 1980ರ ಲೋಕಸಭೇಲಿ ಅರಸು ಇಲ್ದೇನೇ ಇಂದಿರಾ ಪಾರ್ಟಿ 28ಕ್ಕೆ 27 ಸೀಟು ಹೊಡೀತು. ಅದಾದ ಮೂರೇ ವರ್ಷಕ್ಕೆ ವಿಧಾನಸಭೇಲಿ ಸೋತು ಜನತಾ ಪಾರ್ಟಿಯ ರಾಮಕೃಷ್ಣ ಹೆಗಡೆ ಸರ್ಕಾರ ಬಂತು, ಅದು ಬೇರೆ ಕಥೆ.

ಅತಿ ಕೆಟ್ಟ ಸರ್ವಿಸ್ ಪ್ರಶಸ್ತಿ ಮಾತ್ರ 1990ಕ್ಕೇ ಹೋಗ್ಬೇಕು. ಹಿಂದಿನ ವರ್ಷ, ಅಷ್ಟೊತ್ತಿಗೆ ಇಂದಿರಾ ಪಾರ್ಟಿಗೇ ಬಂದಿದ್ದ ಅದೇ ವೀರೇಂದ್ರ ಪಾಟೀಲ್ ನೇತೃತ್ವದಲ್ಲಿ ಕಾಂಗ್ರೆಸ್ಸಿಗೆ 178 ಸೀಟು ಬಂದು ಅವರೇ ಸಿಎಂ ಆಗಿದ್ರು, 178 ಸಾರ್, ಈಗಿನವರು ಕನಸಲ್ಲೂ ಕಾಣದ ನಂಬರ್. ಅವರಿಗೆ ಹುಷಾರಿರ್ಲಿಲ್ಲ, ರಾಜ್ಯದಲ್ಲಿ ಕೋಮುಗಲಭೆ ಆಗಿತ್ತು, ಬದಲಾಯಿಸ್ಬೇಕು ಅನ್ನೋಕೆ ಕಾರಣ ಇರಬಹುದು, ಒಪ್ತೀನಿ. ಆದ್ರೆ ರಾಜೀವ್ ಗಾಂಧಿ ಬಂದು ನೋಡ್ಕೊಂಡು ವಾಪಸ್ ಹೋಗೋವಾಗ ಬೆಂಗಳೂರು ಏರ್‌ಪೋರ್ಟಲ್ಲಿ ನಾಯಕತ್ವ ಬದಲಾವಣೆ ಅಂತ ಘೋಷಣೆ ಮಾಡಿ ವಿಮಾನ ಹತ್ತಿದ್ರು. ಒಬ್ಬ ಹಿರಿಯ ಲಿಂಗಾಯತ ನಾಯಕನಿಗೆ ಈ ರೀತಿ ಮಾಡಿದ್ರೆ ಉತ್ತರ ಕರ್ನಾಟಕದ ಮನೆಮನೇಲಿ ಏನಾಗುತ್ತೆ ಅಂತ ಪಕ್ಕದಲ್ಲಿ ಒಬ್ಬರಾದ್ರೂ ಹೇಳ್ಬೇಕಿತ್ತಾ ಬೇಡ್ವಾ? ಒಂದೋ ಯಾರೂ ಹೇಳ್ಲಿಲ್ಲ, ಇಲ್ಲಾ ಹೇಳಿದವರ ಮಾತು ನಡೀಲಿಲ್ಲ. 1994ರಲ್ಲಿ ಕಾಂಗ್ರೆಸ್ 34ಕ್ಕೆ ಬಂತು, ಬಿಜೆಪಿ 40. ಸೋಲಿಗೆ ಬೇರೆ ಕಾರಣಗಳೂ ಇದ್ವು, ಆದ್ರೆ ಆ ಏರ್‌ಪೋರ್ಟ್ ಸೀನನ್ನ ಬೇರೆ ಪಾರ್ಟಿಯವರು ಇವತ್ತಿಗೂ ಲಿಂಗಾಯತರಿಗೆ ನೆನಪಿಸ್ತಾನೇ ಇರ್ತಾರೆ.

ಬಿಜೆಪಿಯವರು ಇದನ್ನ ಓದಿ ನಗಬೇಡಿ, ಯಡಿಯೂರಪ್ಪ ನಿಮ್ಮನ್ನ ಬಿಟ್ಟು ಕೆಜೆಪಿ ಅನ್ನೋ ಸ್ವಂತ ಪಾರ್ಟಿ ಕಟ್ಟಿದಾಗ 2013ರಲ್ಲಿ ನೀವೂ 40ಕ್ಕೆ ಬಂದಿದ್ರಿ. ಅಷ್ಟಾದ್ಮೇಲೂ 2023ರಲ್ಲಿ ಜಗದೀಶ್ ಶೆಟ್ಟರ್, ಲಕ್ಷ್ಮಣ ಸವದಿ ಇಬ್ಬರಿಗೂ ಟಿಕೆಟ್ ಇಲ್ಲ. ಶೆಟ್ಟರ್ ನೇರವಾಗಿ ಪಾರ್ಟಿಯ ಆಗಿನ ರಾಷ್ಟ್ರೀಯ ಸಂಘಟನಾ ಕಾರ್ಯದರ್ಶಿ ಬಿ.ಎಲ್. ಸಂತೋಷ್ ಹೆಸರು ತಗೊಂಡೇ ದೂರಿದ್ರು, ಕಾಂಗ್ರೆಸ್ಸಿಗೆ ಹೋಗಿ ಹುಬ್ಬಳ್ಳೀಲಿ ಸೋತ್ರು ಅನ್ನೋದೂ ನಿಜ, ಸವದಿ ಮಾತ್ರ ಅಥಣೀಲಿ ಗೆದ್ರು. ಇಲ್ಲೊಂದು ವಿಚಿತ್ರ ಗಮನಿಸಿ, ಸಂತೋಷ್ ನಮ್ಮ ಉಡುಪಿ ಕಡೆಯವರೇ, ಚುನಾವಣಾ ಸಹ ಉಸ್ತುವಾರಿ ಅಣ್ಣಾಮಲೈ ಚಿಕ್ಕಮಗಳೂರಲ್ಲಿ ಎಸ್‌ಪಿ ಆಗಿದ್ದವರು, ಕನ್ನಡ ಚೆನ್ನಾಗೇ ಬರುತ್ತೆ. ಆದ್ರೂ ಸಿಕ್ಕಿದ್ದು 66. ಅಂದ್ರೆ ಭಾಷೆ ಬಂದ್ರೆ ಅರ್ಧ ಕೆಲಸ ಅಷ್ಟೇ, ಮೇಲಿನವರು ಮೊದಲೇ ಒಂದು ಫಾರ್ಮುಲಾ ಫಿಕ್ಸ್ ಮಾಡ್ಕೊಂಡಿದ್ರೆ ಕನ್ನಡದಲ್ಲಿ ಹೇಳಿದ್ರೂ ಅಷ್ಟೇ ಹಿಂದೀಲಿ ಹೇಳಿದ್ರೂ ಅಷ್ಟೇ.

ಅದೇ ಎಲೆಕ್ಷನ್ನಲ್ಲಿ ಕಾಂಗ್ರೆಸ್ಸಿನವರು ಬೇರೆ ದಾರಿ ಹಿಡಿದ್ರು. ಬಳ್ಳಾರಿ ಮೂಲದ ಚುನಾವಣಾ ತಂತ್ರಗಾರ ಸುನೀಲ್ ಕನುಗೋಲು, ವೇದಿಕೆ ಹತ್ತಲ್ಲ, ಫೋಟೋ ಸಿಗೋದೂ ಕಷ್ಟ, ಸರ್ವೆ ಮಾಡಿಸಿ ಕ್ಷೇತ್ರ ಕ್ಷೇತ್ರದ ಲೆಕ್ಕ ಮುಂದಿಟ್ರು. ಬಿಜೆಪಿ ಸರ್ಕಾರದ ಮೇಲಿನ ಕಮಿಷನ್ ಆರೋಪದ 40 ಪರ್ಸೆಂಟ್, ಪೇಸಿಎಂ ಪ್ರಚಾರ ಎಲ್ಲ ಜನರ ಬಾಯಲ್ಲಿ ಮೊದಲೇ ಇದ್ದ ಸಿಟ್ಟನ್ನೇ ಎತ್ಕೊಂಡಿದ್ದು. ಗೆದ್ದ ಮೇಲೆ ಸಿದ್ದರಾಮಯ್ಯನವರಿಗೆ ಮುಖ್ಯ ಸಲಹೆಗಾರ, ಸಂಪುಟ ದರ್ಜೆ ಬೇರೆ. ನನಗೆ ಇದ್ರಲ್ಲೂ ಒಂದು ಕಸಿವಿಸಿ ಇದೆ, ಮೂವತ್ತು ವರ್ಷ ಬಾವುಟ ಹಿಡ್ಕೊಂಡು ಓಡಾಡಿದ ತಾಲೂಕು ಅಧ್ಯಕ್ಷ ಹೇಳಿದ್ರೆ ಕೇಳದ ದೆಹಲಿ ಅದೇ ಮಾತು ಪವರ್‌ಪಾಯಿಂಟಲ್ಲಿ ಬಂದ್ರೆ ಕೇಳುತ್ತೆ. ಆದ್ರೂ ಕೇಳ್ತಲ್ಲ, ಅದಕ್ಕೆ ಅರ್ಧ ಸ್ಟಾರ್ ಜಾಸ್ತಿ.

ಕಸ್ಟಮರ್ ಕೇರ್ ಬಗ್ಗೆ ಹೇಳ್ದೇ ಇದ್ರೆ ರಿವ್ಯೂ ಪೂರ್ತಿ ಆಗಲ್ಲ. ಈಗ ಕಾಂಗ್ರೆಸ್ ಅಧ್ಯಕ್ಷರು ನಮ್ಮ ಕಲಬುರಗಿಯ ಖರ್ಗೆಯವರೇ, ಅವರಿಗೆ ಕರ್ನಾಟಕದ ಬಗ್ಗೆ ಇನ್ನೊಬ್ಬರು ಬಂದು ಪಾಠ ಹೇಳ್ಬೇಕಾ? 1972ರಿಂದ ಗುರುಮಿಠಕಲ್‌ನಲ್ಲಿ ಗೆದ್ದುಕೊಂಡು ಬಂದವರು. ಆದ್ರೂ 2025ರ ಜುಲೈಲಿ ಸುರ್ಜೇವಾಲಾ ಬಂದು ಶಾಸಕರನ್ನ ಒಬ್ಬೊಬ್ಬರನ್ನಾಗಿ ಕರೆಸಿ ಕುಂದುಕೊರತೆ ಕೇಳಿದ್ರು. ಅದೇ ಸಮಯಕ್ಕೆ ಸಿಎಂ ಬದಲಾವಣೆ ಬಗ್ಗೆ ಪತ್ರಕರ್ತರು ಕೇಳಿದ್ರೆ ಅದು ಹೈಕಮಾಂಡ್‌ಗೆ ಬಿಟ್ಟಿದ್ದು ಅಂತ ಖರ್ಗೆಯವರೇ ಅಂದ್ರು, ಪಾರ್ಟಿ ಅಧ್ಯಕ್ಷರೇ ಹೈಕಮಾಂಡ್ ಕಡೆ ಕೈ ತೋರಿಸಿದ್ರೆ ಕಂಪ್ಲೇಂಟ್ ಯಾವ ನಂಬರಿಗೆ ಹಾಕೋದು ಸ್ವಾಮಿ?

ಎರಡೂವರೆ ಸ್ಟಾರ್ ಹೆಂಗೆ ಅಂತ ಕೇಳೋರಿಗೆ: ಜಗಳ ಬಿಡಿಸೋದಕ್ಕೆ ಒಂದೂವರೆ, ಕನುಗೋಲು ಥರ ನೆಲದ ಲೆಕ್ಕ ಮೇಲಕ್ಕೆ ಹೋಗಿದ್ದಕ್ಕೆ ಅರ್ಧ, ಇನ್ನರ್ಧ ಅರಸು ಕಾಲದ ಹಳೇ ಮುಲಾಜಿಗೆ. ಟಿಕೆಟ್ ಆಕಾಂಕ್ಷಿಗಳು ಯಾರಾದ್ರೂ ಇದನ್ನ ಓದ್ತಿದ್ರೆ, ಉಸ್ತುವಾರಿಗೆ ಮೈಸೂರು ಪೇಟ ತೊಡಿಸೋಕೆ ಕ್ಯೂ ನಿಲ್ಲೋ ಬದಲು ನಿಮ್ಮ ಬೂತ್ ಲೆಕ್ಕಾನ ಇಂಗ್ಲಿಷಲ್ಲಿ ಎರಡು ಪುಟ ಟೈಪ್ ಮಾಡ್ಸಿ ಅವರ ಕೈಗೇ ಕೊಡಿ, ಪಿಎ ಕೈಗೆ ಕೊಡಬೇಡಿ.